ತಟ್ಟೆಯಾಟ ಆಡಿ ಬಂದ ಮೇಲೆ ಮೈ ನೋಡಿಕೊಳ್ಳಿ

ನಿವೃತ್ತ ಮೇಷ್ಟ್ರೊಬ್ಬರು ಜ್ವರ, ಮೈಕೈ ನೋವು ಎಂದು ನನ್ನಲ್ಲಿಗೆ ಬಂದರು. ಮೊಣಕಾಲಿನ ಹಿಂಭಾಗದಲ್ಲಿ ಅಂಗೈಯಗಲದ ಕೆಂಪು ಮಚ್ಚೆಯಿತ್ತು. ತುರಿಕೆಯಿಲ್ಲ, ನೋವಿಲ್ಲ. ಹುಳುಕಡ್ಡಿಯೆಂದು ತಿಳಿದು ಮುಲಾಮು ಹಚ್ಚುತ್ತಿದ್ದರು. ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಮಗನ ಮನೆಯಿಂದ ಬಂದು ವಾರವಾಗಿತ್ತು.

"ಅಲ್ಲಿ ಕಾಡಿನಲ್ಲಿ ಓಡಾಡಿದಿರಾ ಮೇಷ್ಟ್ರೇ?"

"ಕಾಡಲ್ಲ ಡಾಕ್ಟ್ರೇ, ಪಾರ್ಕು. ಮೊಮ್ಮಗನ ಜೊತೆ ತಟ್ಟೆ ಎಸೆಯುವ ಆಟ ಆಡ್ತಿದ್ದೆ."

ಆ ಆಟವೇ ಡಿಸ್ಕ್ ಗಾಲ್ಫ್. ಕೋಲು, ಚೆಂಡಿನ ಬದಲು ಪ್ಲಾಸ್ಟಿಕ್ ತಟ್ಟೆ. ಗುಂಡಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತಗಳಲ್ಲಿ ತಟ್ಟೆಯನ್ನು ಬುಟ್ಟಿಗೆ ಸೇರಿಸಿದವರು ಗೆದ್ದಂತೆ. 1975ರಲ್ಲಿ ಎಡ್ ಹೆಡ್ರಿಕ್ ಎಂಬುವರು ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಮೊದಲ ಕಾಯಂ ಅಂಕಣ ರೂಪಿಸಿದರು. ಈಗ ಅಲ್ಲಿನ ಅನೇಕ ಪಾರ್ಕುಗಳಲ್ಲಿ, ಮರಗಳ ನಡುವೆ, 9 ಅಥವಾ 18 ಬುಟ್ಟಿಗಳ ಅಂಕಣಗಳಿವೆ.

ವಯಸ್ಸಾದವರಿಗೆ ಇದು ಒಳ್ಳೆಯ ವ್ಯಾಯಾಮ. ಓಡಬೇಕಿಲ್ಲ, ನೆರಳಿನಲ್ಲಿ ನಡೆದರೆ ಸಾಕು. ಆಡುವ ಮುನ್ನ ಐದು ನಿಮಿಷ ಭುಜ, ಸೊಂಟ ಸಡಿಲಿಸಿ. ಬೇರು, ಕಲ್ಲು ಇರುವ ದಾರಿಯಾದ್ದರಿಂದ ಚಪ್ಪಲಿ ಬೇಡ, ಬೂಟು ಹಾಕಿ. ಮಧುಮೇಹಿಗಳು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಬೇಕು.

ತೊಂದರೆ ಬರುವುದು ತಟ್ಟೆ ದಾರಿ ತಪ್ಪಿ ಪೊದೆಗೆ ಬಿದ್ದಾಗ. ಅದನ್ನು ಹುಡುಕುತ್ತಾ ಹುಲ್ಲು, ತರಗೆಲೆಗಳಲ್ಲಿ ಕಾಲಿಟ್ಟರೆ ಉಣುಗು ಮೈಗೆ ಹತ್ತುತ್ತದೆ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಆದರೆ ಮಂಗನ ಕಾಯಿಲೆ ವೈರಸ್ಸಿನದು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹೆಚ್ಚಾಗಿರುವ ಲೈಮ್ ರೋಗ ಬ್ಯಾಕ್ಟೀರಿಯಾದ್ದು. ಅದನ್ನು ಹರಡುವ ಮರಿ ಉಣುಗು ಗಸಗಸೆ ಕಾಳಿನಷ್ಟು ಚಿಕ್ಕದು. ಕಚ್ಚಿದ್ದೂ ತಿಳಿಯುವುದಿಲ್ಲ. ನಮ್ಮವರು ಮಕ್ಕಳ ಮನೆಗೆ ಹೋಗುವ ಮೇ, ಜೂನ್ ತಿಂಗಳುಗಳೇ ಅದರ ಹಾವಳಿಯ ಕಾಲ.

ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಉದ್ದ ಪ್ಯಾಂಟು ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಡೀಟ್ ಇರುವ ಕೀಟನಿವಾರಕ ಹಚ್ಚಿ. ಮನೆಗೆ ಬಂದೊಡನೆ ಸ್ನಾನ ಮಾಡಿ, ಮೊಣಕಾಲಿನ ಹಿಂಬದಿ, ತೊಡೆಸಂದು, ಕಂಕುಳು, ಕಿವಿಯ ಹಿಂಭಾಗ, ಕೂದಲ ಬುಡ ಪರೀಕ್ಷಿಸಿ. ಮಕ್ಕಳ ಮೈಯನ್ನು ದೊಡ್ಡವರೇ ನೋಡಬೇಕು. ಉಣುಗು ಕಂಡರೆ ಸಣ್ಣ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿಯಿಂದ ಸುಡುವುದು ಸಲ್ಲದು. ಸಾಮಾನ್ಯವಾಗಿ ಅದು 24 ಗಂಟೆಗೂ ಹೆಚ್ಚು ಕಾಲ ಕಚ್ಚಿಕೊಂಡಿದ್ದರಷ್ಟೇ ಲೈಮ್ ರೋಗ ಅಂಟುತ್ತದೆ. ಆದ್ದರಿಂದ ಅಂದೇ ನೋಡಿ ತೆಗೆಯುವುದೇ ಮುಖ್ಯ.

ಕಚ್ಚಿದ 3ರಿಂದ 30 ದಿನಗಳಲ್ಲಿ ಮಚ್ಚೆ, ಜ್ವರ ಕಾಣಿಸಬಹುದು. ಎಲ್ಲರಿಗೂ ಮಚ್ಚೆ ಏಳುವುದಿಲ್ಲ. ಮೊದಮೊದಲು ರಕ್ತಪರೀಕ್ಷೆಯಲ್ಲೂ ರೋಗ ಗೊತ್ತಾಗದಿರಬಹುದು. ಅಲಕ್ಷಿಸಿದರೆ ಕೀಲು, ನರ, ಹೃದಯಕ್ಕೂ ತೊಂದರೆಯಾದೀತು. ಬೇಗ ಗುರುತಿಸಿದರೆ ಎರಡು ಮೂರು ವಾರಗಳ ಮಾತ್ರೆಯಲ್ಲಿ ಸಾಮಾನ್ಯವಾಗಿ ಗುಣವಾಗುತ್ತದೆ. ಮೇಷ್ಟ್ರೂ ಹಾಗೆಯೇ ಗುಣವಾದರು.

ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಇಲ್ಲಿನ ವೈದ್ಯರು ಡೆಂಗಿ, ಟೈಫಾಯ್ಡ್ ಎಂದು ಯೋಚಿಸುವುದು ಸಹಜ. ಅಮೆರಿಕದಲ್ಲಿ ಮರಗಳ ನಡುವೆ ಆಡಿದ್ದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.