ಕ್ಯಾಲ್ಗರಿ ಅಕ್ಕನ ಸಿಟ್ಟು, ಅರಕಲಗೂಡು ಮಾವನ ಪ್ರಶ್ನೆ

ಚನ್ನರಾಯಪಟ್ಟಣದಿಂದ ಬೆಂಗಳೂರು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಕೇಳೋಕೆ ಟೈಮಿಲ್ಲ ಓದೇ ಬಿಡ್ತೀನಿ ಅಂತ ಈ ಪುಟಕ್ಕೆ ಬಂದೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ವಿಡಿಯೋ ಕಾಲ್‌ನಿಂದ.

2025ರ ಜೂನ್‌ನಲ್ಲಿ, ಹೊಳೆನರಸೀಪುರದ ಹತ್ತಿರ ನಮ್ಮಮ್ಮನ ತವರಲ್ಲಿ ಮನೆಮಂದಿಯೆಲ್ಲ ಸೇರಿದ್ವಿ. ಕೆನಡಾದ ಕ್ಯಾಲ್ಗರಿಯಲ್ಲಿರೋ ದೊಡ್ಡಮ್ಮನ ಮಗಳು, ನಮ್ಮಕ್ಕ, ಕಾಲ್ ಮಾಡಿದ್ಲು. ತಾತ ಕೇಳಿದ್ರು, 'ಅಲ್ಲಿ ಎಲೆಕ್ಷನ್ ಆಯ್ತಂತಲ್ಲವ್ವ, ಈಗ ಹೆಂಗೈತೆ?'

'ಆಫೀಸಲ್ಲಿ ಎಲ್ಲರಿಗೂ ಸಿಟ್ಟು ತಾತ. ಎಣ್ಣೆ ನಮ್ಮದು, ತೆರಿಗೆ ನಮ್ಮದು, ದುಡ್ಡು ಮಾತ್ರ ಕ್ಯೂಬೆಕ್‌ಗೆ ಹೋಗುತ್ತೆ ಅಂತಾರೆ. ಬೇರೆ ದೇಶನೇ ಆಗ್ಬಿಡೋಣ ಅನ್ನೋರೂ ಇದಾರೆ.'

ನಾನು ಮಧ್ಯೆ ಬಾಯಿ ಹಾಕಿ, 'ಅಕ್ಕ, ಇದು ನಮ್ಮ ಕಥೆನೇ. ಕರ್ನಾಟಕ ಕಟ್ಟುತ್ತೆ, ಡೆಲ್ಲಿ ಬೇರೆಯವರಿಗೆ ಹಂಚುತ್ತೆ' ಅಂದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಜಂತರ್ ಮಂತರ್‌ನಲ್ಲಿ 'ನನ್ನ ತೆರಿಗೆ, ನನ್ನ ಹಕ್ಕು' ಅಂತ ಧರಣಿ ಕೂತಾಗ ನಾನೂ ಅದನ್ನೇ ಸ್ಟೇಟಸ್ ಹಾಕಿದ್ದೆ.

ಅರಕಲಗೂಡಿನ ಮಾವ ಆಲೂಗಡ್ಡೆ ಬೆಳೆಯೋರು. ಅಲ್ಲೀವರೆಗೂ ಸುಮ್ಮನಿದ್ದೋರು ಒಂದೇ ಮಾತು ಕೇಳಿದ್ರು: 'ಬೆಂಗಳೂರೋರು ನಮ್ಮ ಬಗ್ಗೆನೂ ಹಂಗೇ ಅಂತಾರಲ್ಲಪ್ಪ. ಅದಕ್ಕೇನಂತೀಯ?'

ನನ್ನ ಹತ್ರ ಉತ್ತರ ಇರಲಿಲ್ಲ. ಬಿಕಾಂ ಓದಿದವನು ನಾನು, ಲೆಕ್ಕ ತಾಳೆಯಾಗದಿದ್ರೆ ನಿದ್ದೆ ಬರಲ್ಲ. ಆವತ್ತಿಂದ ಹುಡುಕಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಕೆನಡಾ. ಅಲ್ಲಿ 2025ರ ಏಪ್ರಿಲ್ 28ರಂದು ಚುನಾವಣೆ ನಡೀತು. ಒಟ್ಟು 343 ಸೀಟು, ಬಹುಮತಕ್ಕೆ 172 ಬೇಕು. ಮಾರ್ಕ್ ಕಾರ್ನಿ ಅವರ ಲಿಬರಲ್ ಪಕ್ಷಕ್ಕೆ ಬಂದಿದ್ದು 169. ಅಂದ್ರೆ ಸರ್ಕಾರ ಅವರದ್ದೇ, ಆದ್ರೆ ಆ ಚುನಾವಣೆಯಲ್ಲಿ ಮೂರು ಸೀಟು ಕಮ್ಮಿ ಬಿತ್ತು. ಕನ್ಸರ್ವೇಟಿವ್ ಪಕ್ಷಕ್ಕೆ 144. ಕ್ಯೂಬೆಕ್ ಪ್ರಾಂತ್ಯದಲ್ಲಿ ಮಾತ್ರ ಸ್ಪರ್ಧೆ ಮಾಡೋ ಬ್ಲಾಕ್ ಕ್ಯೂಬೆಕ್ವಾ ಅನ್ನೋ ಪ್ರಾದೇಶಿಕ ಪಕ್ಷಕ್ಕೆ 22. ನಮ್ಮಕ್ಕ ಇರೋ ಆಲ್ಬರ್ಟಾ ಪ್ರಾಂತ್ಯದಲ್ಲಿ 37ಕ್ಕೆ 34 ಸೀಟು ಕನ್ಸರ್ವೇಟಿವ್‌ಗೆ ಹೋಯ್ತು. 'ನಾವು ಇಷ್ಟು ಒಟ್ಟಾಗಿ ಓಟು ಹಾಕಿದ್ರೂ ಸರ್ಕಾರ ಮಾಡೋದು ಬೇರೆಯವರೇ' ಅನ್ನೋದು ಅವರ ಒಂದು ಸಿಟ್ಟು.

ಇನ್ನೊಂದು ಸಿಟ್ಟು ದುಡ್ಡಿನದ್ದು. ಕಮ್ಮಿ ಆದಾಯದ ಪ್ರಾಂತ್ಯಗಳಿಗೆ ಕೇಂದ್ರ ಸರ್ಕಾರ ಈಕ್ವಲೈಸೇಷನ್ ಅಂತ ಹಣ ಕೊಡುತ್ತೆ. ಅದರಲ್ಲಿ ದೊಡ್ಡ ಮೊತ್ತ ಕ್ಯೂಬೆಕ್‌ಗೆ. ಆದ್ರೆ ಆಲ್ಬರ್ಟಾ ಸರ್ಕಾರ ಯಾರಿಗೂ ಚೆಕ್ ಬರೆಯಲ್ಲ. ಆಲ್ಬರ್ಟಾದ ಜನಕ್ಕೆ ಸಂಬಳ ಜಾಸ್ತಿ, ಹಾಗಾಗಿ ಅವರು ಕೇಂದ್ರಕ್ಕೆ ಕಟ್ಟೋ ಆದಾಯ ತೆರಿಗೆಯೂ ಜಾಸ್ತಿ. ಆ ಒಟ್ಟು ಹುಂಡಿಯಿಂದ ಕೇಂದ್ರ ಹಂಚುತ್ತೆ.

ಈಗ ನಮ್ಮ ಲೆಕ್ಕ. ಕೇಂದ್ರ ಸಂಗ್ರಹಿಸೋ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು, ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳೋದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳೀತು. ಇದರ ಮೇಲೆ ಸೆಸ್, ಸರ್‌ಚಾರ್ಜ್ ಅಂತ ಕೇಂದ್ರ ವಸೂಲಿ ಮಾಡೋ ಹಣವನ್ನ ರಾಜ್ಯಗಳ ಜೊತೆ ಹಂಚ್ಕೊಳ್ಳೋ ಹಾಗೇ ಇಲ್ಲ.

ಯಾಕೆ ಇಳೀತು? 15ನೇ ಆಯೋಗದ ಸೂತ್ರದಲ್ಲಿ 100ಕ್ಕೆ 45 ಅಂಕ ಒಂದೇ ವಿಷಯಕ್ಕೆ: ನಿಮ್ಮ ರಾಜ್ಯದ ತಲಾ ಆದಾಯ ಎಷ್ಟು ಕಮ್ಮಿ ಅನ್ನೋದು. ಕಮ್ಮಿ ಇದ್ದಷ್ಟೂ ಪಾಲು ಜಾಸ್ತಿ. ನಮ್ಮ ತಲಾ ಆದಾಯವನ್ನ ಮೇಲಕ್ಕೆ ಎತ್ತಿರೋದು ಬೆಂಗಳೂರು. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಸಂಬಳ, ಅರಕಲಗೂಡಿನ ನಮ್ಮ ಮಾವನ ಆಲೂಗಡ್ಡೆ ದುಡ್ಡು, ಎರಡನ್ನೂ ಸೇರಿಸಿ ಸರಾಸರಿ ತೆಗೆದ್ರೆ ಕಾಗದದ ಮೇಲೆ ಮಾವನೂ ಸಾಹುಕಾರ! ಡೆಲ್ಲಿ ನೋಡೋದು ಆ ಸರಾಸರಿಯನ್ನ.

ಹಾಗಾದ್ರೆ 'ಕಟ್ಟಿದವರಿಗೇ ವಾಪಸ್ ಕೊಡಿ' ಅಂತ ಕೇಳಿದ್ರೆ ಸರಿಹೋಗುತ್ತಾ? ಅಲ್ಲೇ ಮಾವನ ಪ್ರಶ್ನೆ ಚುಚ್ಚೋದು. ರಾಜ್ಯದ ತೆರಿಗೆಯಲ್ಲಿ ದೊಡ್ಡ ಪಾಲು ಬೆಂಗಳೂರಿಂದ ಬರುತ್ತೆ. ಅದೇ ನಿಯಮ ರಾಜ್ಯದೊಳಗೂ ತಂದ್ರೆ ಹೊಳೆನರಸೀಪುರದ ಆಸ್ಪತ್ರೆಗೆ, ಚನ್ನರಾಯಪಟ್ಟಣದ ಕಾಲೇಜಿಗೆ, ಅರಕಲಗೂಡಿನ ರಸ್ತೆಗೆ ದುಡ್ಡು ಎಲ್ಲಿಂದ ಬರ್ಬೇಕು? ಇನ್ನೂ ಮೇಲೆ ಹೋದ್ರೆ ಕಲಬುರಗಿ, ರಾಯಚೂರು. ಆ ಭಾಗ ಹಿಂದುಳಿದಿದೆ ಅಂತಲೇ ಸಂವಿಧಾನಕ್ಕೆ 371ಜೆ ಸೇರಿಸಿದ್ದು. ಅವರಿಗೆ ಸಿಗಬೇಕು ಅಂತ ಒಪ್ಕೊಂಡ ನಾವು, ಬಿಹಾರದವರಿಗೆ ಸಿಗೋದು ತಪ್ಪು ಅಂತ ಹೇಗೆ ವಾದ ಮಾಡೋದು?

ನನ್ನ ಸ್ಟೇಟಸ್ ಪೂರ್ತಿ ಸುಳ್ಳು ಅಂತಲ್ಲ. ಐದು ವರ್ಷದ ಅಂತರದಲ್ಲಿ ಪಾಲು ಇಷ್ಟು ಕುಸಿಯಬಾರದು, ಸೆಸ್ ಹೆಸರಲ್ಲಿ ಹಂಚಬೇಕಾದ್ದನ್ನ ಇಟ್ಕೊಳ್ಳಬಾರದು. ಇವು ನ್ಯಾಯವಾದ ಮಾತು. ಆದ್ರೆ ಕೇಳಬೇಕಾದ್ದು ಸೂತ್ರ ಬದಲಾಯಿಸಿ ಅಂತ. 'ನನ್ನದು ನನಗೇ' ಅನ್ನೋ ಘೋಷಣೆ ತಿರುಗಿ ಬಂದು ನಮ್ಮ ತಾಲ್ಲೂಕಿಗೇ ಹೊಡೆಯುತ್ತೆ.

ಇದಕ್ಕಿಂತ ದೊಡ್ಡ ಜಗಳ ಮುಂದೆ ಕಾದಿದೆ. ಅದು ಸೀಟಿನದ್ದು.

ಲೋಕಸಭೆಯ 543ರಲ್ಲಿ ಕರ್ನಾಟಕಕ್ಕೆ 28. ಈ ಹಂಚಿಕೆ ಆಗಿರೋದು 1971ರ ಜನಗಣತಿ ಮೇಲೆ. ಕುಟುಂಬ ಯೋಜನೆ ಮಾಡಿದ ರಾಜ್ಯಕ್ಕೆ ಸೀಟು ಕಮ್ಮಿ ಆಗಬಾರದು ಅಂತ 1976ರಲ್ಲಿ ಅದನ್ನ ಹಾಗೇ ನಿಲ್ಲಿಸಿದ್ರು. 2001ರಲ್ಲಿ ಮತ್ತೆ ಮುಂದೂಡಿದ್ರು, 2026ರ ನಂತರದ ಮೊದಲ ಜನಗಣತಿವರೆಗೆ. ಆ ಜನಗಣತಿ ಈಗ ಘೋಷಣೆಯಾಗಿದೆ, ಅದರ ದಿನ 2027ರ ಮಾರ್ಚ್ 1.

2019-21ರ ಲೆಕ್ಕದಲ್ಲಿ ಇಲ್ಲಿ ಹೆಣ್ಣುಮಕ್ಕಳು ಸರಾಸರಿ 1.7 ಮಕ್ಕಳನ್ನ ಹೆರ್ತಿದ್ರು, ಬಿಹಾರದಲ್ಲಿ 3. ಈಗಿನ ಜನಸಂಖ್ಯೆ ಮೇಲೆ ಹಂಚಿದ್ರೆ 28 ಇದ್ದದ್ದು 26 ಆಗಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದಾರೆ. ದಕ್ಷಿಣದ ಯಾವ ರಾಜ್ಯಕ್ಕೂ ಒಂದು ಸೀಟೂ ಕಮ್ಮಿ ಆಗಲ್ಲ ಅಂತ ಗೃಹ ಸಚಿವ ಅಮಿತ್ ಶಾ ಹೇಳಿದ್ದಾರೆ. ನೀವು ನೋಡಬೇಕಾದ್ದು ಸೀಟಿನ ಸಂಖ್ಯೆ ಅಲ್ಲ, ಪಾಲು. ನಮಗೆ ಎರಡು ಜಾಸ್ತಿ ಕೊಟ್ಟು ಬೇರೆಯವರಿಗೆ ನಲವತ್ತು ಜಾಸ್ತಿ ಕೊಟ್ರೆ ನಮ್ಮ ಮಾತಿನ ತೂಕ ಇಳಿದ ಹಾಗೇ ಲೆಕ್ಕ.

ಕೆನಡಾದಿಂದ ಕಲಿಯೋದು ಇರೋದು ಇಲ್ಲಿ. ಅಲ್ಲಿನ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಅನ್ನೋ ಪುಟ್ಟ ಪ್ರಾಂತ್ಯದಲ್ಲಿ 2021ರ ಗಣತಿ ಪ್ರಕಾರ ಇರೋದು ಸುಮಾರು ಒಂದೂವರೆ ಲಕ್ಷ ಜನ. ಹೆಚ್ಚುಕಮ್ಮಿ ನಮ್ಮ ಹಾಸನ ಟೌನ್ ಇದ್ದ ಹಾಗೆ. ಅದಕ್ಕೆ ನಾಲ್ಕು ಎಂಪಿಗಳು! ಸೆನೆಟ್‌ನಲ್ಲಿ ಎಷ್ಟು ಸದಸ್ಯರೋ ಅದಕ್ಕಿಂತ ಕಮ್ಮಿ ಎಂಪಿ ಇರೋ ಹಾಗಿಲ್ಲ ಅನ್ನೋ ನಿಯಮ ಇದೆ. 2021ರಲ್ಲಿ ಲೆಕ್ಕದ ಪ್ರಕಾರ ಕ್ಯೂಬೆಕ್ 78ರಿಂದ 77ಕ್ಕೆ ಇಳಿಯಬೇಕಿತ್ತು. 2022ರಲ್ಲಿ ಕಾನೂನು ತಿದ್ದಿ, ಯಾವ ಪ್ರಾಂತ್ಯಕ್ಕೂ ಆಗ ಇದ್ದ ಸೀಟಿಗಿಂತ ಕಮ್ಮಿ ಆಗದ ಹಾಗೆ ಮಾಡಿದ್ರು. ಇದರಿಂದ ಆಲ್ಬರ್ಟಾದವರ ಒಂದು ಓಟಿನ ಬೆಲೆ ಇಳಿಯುತ್ತೆ, ಅದಕ್ಕೂ ಅವರಿಗೆ ಸಿಟ್ಟಿದೆ. ಅಂದ್ರೆ ಯಾರಿಗೂ ನೋವಾಗದ ಸೂತ್ರ ಇಲ್ಲ. ಆದ್ರೆ ಕೂತು ಮಾತಾಡಿ, ಒಂದು ಕನಿಷ್ಠ ಮಿತಿ ಬರೆದಿಟ್ಕೊಳ್ಳೋಕೆ ಆಗುತ್ತೆ.

ಆ ಮಾತು ಆಡೋರು ಯಾರು? ಈಗ ಹಾಸನಕ್ಕೆ ಬರೋಣ.

ನಮ್ಮ ತಾತಂಗೆ 85 ವರ್ಷ. ಅವರ ಮೊದಲ ಓಟು 1962ರಲ್ಲಿ, ದೊಡ್ಡಗೌಡ್ರು ಹೊಳೆನರಸೀಪುರದಲ್ಲಿ ಪಕ್ಷೇತರರಾಗಿ ನಿಂತಾಗ. 'ನಮ್ಮೋರು ಅಂತ ಡೆಲ್ಲೀಲಿ ಒಬ್ರು ಇರ್ಬೇಕು ಕಣ್ಲಾ' ಅನ್ನೋದು ಅವರ ಲೆಕ್ಕ. ಅದು ಬರೀ ಅಭಿಮಾನ ಅಲ್ಲ. 1996ರಲ್ಲಿ ಜನತಾದಳಕ್ಕೆ ದೇಶದಲ್ಲಿ ಇದ್ದದ್ದು 46 ಸೀಟು, ಅದರಲ್ಲಿ 16 ಕರ್ನಾಟಕದ್ದು. ಅಷ್ಟಕ್ಕೇ ಹರದನಹಳ್ಳಿಯವರು ಪ್ರಧಾನಿ ಆದ್ರು. ದೊಡ್ಡ ಪಕ್ಷಕ್ಕೆ ಬಹುಮತ ಇಲ್ಲದಾಗ ಸಣ್ಣ ಪಕ್ಷಕ್ಕೆ ಬೆಲೆ ಬರುತ್ತೆ.

2023ರ ವಿಧಾನಸಭೆಯಲ್ಲಿ ಜೆಡಿಎಸ್ ರಾಜ್ಯದಲ್ಲಿ 19ಕ್ಕೆ ಇಳಿದಾಗಲೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಶ್ರವಣಬೆಳಗೊಳ ನಾಲ್ಕರಲ್ಲೂ ಅದೇ ಗೆದ್ದಿತ್ತು. ಚನ್ನರಾಯಪಟ್ಟಣ ಬರೋದು ಈ ಶ್ರವಣಬೆಳಗೊಳ ಕ್ಷೇತ್ರಕ್ಕೆ. ಒಂದೇ ವರ್ಷಕ್ಕೆ, 2024ರ ಜೂನ್ 4ರಂದು, ಹಾಸನ ಲೋಕಸಭೆಯಲ್ಲಿ ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ 42 ಸಾವಿರಕ್ಕೂ ಹೆಚ್ಚು ಓಟಿಂದ ಗೆದ್ರು. 1999ರ ನಂತರ ಅಲ್ಲಿ ಕಾಂಗ್ರೆಸ್ ಗೆದ್ದಿದ್ದು ಅದೇ ಮೊದಲು. ಹಿಂದಿನ ಸಂಸದ ಪ್ರಜ್ವಲ್ ರೇವಣ್ಣ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳು ಕೋರ್ಟಿಗೆ ಹೋದ್ವು. ಅದು ಬೇರೆಯೇ ಎಪಿಸೋಡಿನ ವಿಷಯ, ಇಲ್ಲಿ ಒಂದು ಸಾಲಲ್ಲಿ ಮುಗಿಸೋದು ಆ ಹೆಣ್ಣುಮಕ್ಕಳಿಗೆ ನ್ಯಾಯ ಅಲ್ಲ.

ಆ ಚುನಾವಣೇಲಿ ಬಿಜೆಪಿ 240ಕ್ಕೆ ನಿಂತಿತು, ಬೇಕಿದ್ದದ್ದು 272. ಮತ್ತೆ ಸಣ್ಣ ಪಕ್ಷಗಳ ಕಾಲ. 16 ಸೀಟಿನ ತೆಲುಗುದೇಶಂ ಇರೋ ಆಂಧ್ರದ ಅಮರಾವತಿಗೆ ಜುಲೈ ಬಜೆಟ್‌ನಲ್ಲೇ 15,000 ಕೋಟಿ ರೂಪಾಯಿ ವ್ಯವಸ್ಥೆ ಘೋಷಣೆ ಆಯ್ತು. ಜೆಡಿಎಸ್ ಹತ್ರ ಇದ್ದದ್ದು ಎರಡು ಸೀಟು, ಒಂದು ಕೇಂದ್ರ ಮಂತ್ರಿ ಸ್ಥಾನ ಬಂತು. ಉಳಿದ 26ರಲ್ಲಿ 17 ಬಿಜೆಪಿ, 9 ಕಾಂಗ್ರೆಸ್. ಇವರೆಲ್ಲ ಸೇರಿ 28 ಜನ ಒಂದೇ ದಿನ ಎದ್ದು ನಿಂತು ಸೀಟಿನ ಪಾಲಿನ ಬಗ್ಗೆ ಕೇಳಿದ್ರೆ ಅದಕ್ಕೆ ತೂಕ ಬರುತ್ತೆ. ಪಕ್ಷದ ಹೈಕಮಾಂಡ್ ಮುಖ ನೋಡ್ಕೊಂಡು ಕೂತ್ರೆ 28 ಆದ್ರೇನು, 26 ಆದ್ರೇನು?

ಹೋದ ವಾರ ಮಾವಂಗೆ ಫೋನ್ ಮಾಡಿ ಇದನ್ನೇ ಹೇಳಿದೆ. ದುಡ್ಡು ಹಂಚ್ಕೊಂಡು ತಿನ್ನೋದ್ರಲ್ಲಿ ತಪ್ಪಿಲ್ಲ, ಬೆಂಗಳೂರಿಂದ ನಮಗೆ ಬರೋದೂ ಹಂಗೇ. ಆದ್ರೆ ಹಂಚೋ ಜಾಗದಲ್ಲಿ ನಮ್ಮ ಕುರ್ಚಿ ಕಿತ್ಕೊಳ್ಳೋಕೆ ಬಿಡಬಾರದು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುಂದಿನ ಸಲ ಓಟು ಕೇಳೋಕೆ ಬರ್ತಾರಲ್ಲ, ಆವಾಗ ಇದನ್ನ ಕೇಳ್ತೀನಿ ಬಿಡು' ಅಂದ್ರು.

ನೀವೂ ಕೇಳಿ. ಯಾವ ಪಕ್ಷದವರೇ ಬರಲಿ. ಮುಂದಿನ ಎಪಿಸೋಡಲ್ಲಿ ಸಿಗೋಣ.