ಗ್ರಾಮವಾಸಿಗಳ ಗೃಹವೆಚ್ಚದಲ್ಲಿ ಧಾನ್ಯದ ಪಾಲು

ಸಂಸಾರವೊಂದು ವೆಚ್ಚಮಾಡುವ ಹಣದಲ್ಲಿ ಆಹಾರಕ್ಕೆಷ್ಟು, ಇತರ ಬಾಬುಗಳಿಗೆಷ್ಟು ಹೋಗುವುದೆಂಬುದು ಮನೆಯ ಯಜಮಾನನು ಮಾತ್ರ ಅರಿತಿರತಕ್ಕ ವಿಷಯವೆಂದು ತೋರಬಹುದು. ಆದರೆ ಒಬ್ಬರ ವೆಚ್ಚವೇ ಮತ್ತೊಬ್ಬರ ಆದಾಯವಾದುದರಿಂದ, ಧಾನ್ಯವನ್ನು ಬೆಳೆದು ಮಾರುವ ಜಮೀನುದಾರರಿಗೂ ಈ ಲೆಕ್ಕವು ಅವಶ್ಯವಾದುದು.

ಆದಾಯವು ಹೆಚ್ಚಿದಂತೆಲ್ಲ ವೆಚ್ಚದಲ್ಲಿ ಆಹಾರದ ಪಾಲು ಕಡಮೆಯಾಗುವುದೆಂದು ಜರ್ಮನಿಯ ಎಂಗೆಲ್ ಎಂಬ ಪಂಡಿತನು 1857ರಲ್ಲಿಯೇ ತೋರಿಸಿದನು. ಭಾರತದ ಗ್ರಾಮಗಳಲ್ಲಿಯೂ ಹಾಗೆಯೇ ಆಗಿರುವುದು. ಕೇಂದ್ರ ಸರ್ಕಾರದವರ ಗೃಹವೆಚ್ಚದ ಸಮೀಕ್ಷೆಗಳ ಪ್ರಕಾರ, 1999-2000ದಲ್ಲಿ ಗ್ರಾಮವಾಸಿಯ ನೂರು ರೂಪಾಯಿ ವೆಚ್ಚದಲ್ಲಿ ಸುಮಾರು 59 ರೂಪಾಯಿ ಆಹಾರಕ್ಕೆ ಹೋಗುತ್ತಿದ್ದಿತು. 2022-23ರಲ್ಲಿ ಹೋದುದು ಸುಮಾರು 46 ರೂಪಾಯಿ. ಧಾನ್ಯದ ಪಾಲಂತೂ ಸುಮಾರು 22 ರೂಪಾಯಿಗಳಿಂದ 5 ರೂಪಾಯಿಗಳಿಗೆ ಇಳಿಯಿತು.

ಇದರಿಂದ ಜನರು ಅನ್ನ, ಮುದ್ದೆ, ರೊಟ್ಟಿಗಳನ್ನೇ ಬಿಟ್ಟರೆಂದು ಎಣಿಸಬಾರದು. ನ್ಯಾಯಬೆಲೆ ಅಂಗಡಿಯಿಂದ ಬೆಲೆಯಿಲ್ಲದೆ ದೊರೆತ ಧಾನ್ಯದ ಮೌಲ್ಯವು 2022-23ರ ಈ ಅಂಕಿಗಳಲ್ಲಿ ಸೇರಿಲ್ಲ. ಆದರೆ ತೂಕದಿಂದ ನೋಡಿದರೂ ಇಳಿತವು ನಿಜವೇ. ಒಬ್ಬ ಗ್ರಾಮವಾಸಿಯು ತಿಂಗಳೊಂದಕ್ಕೆ ಉಪಯೋಗಿಸುವ ಧಾನ್ಯವು ಇದೇ ಅವಧಿಯಲ್ಲಿ ಸುಮಾರು 12.7 ಕಿಲೋಗ್ರಾಂಗಳಿಂದ 9.6ಕ್ಕೆ ಬಂದಿತು. ಕಪಿಲೆ, ಒನಕೆ, ಬೀಸುಕಲ್ಲುಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡು ದೇಹಶ್ರಮವು ತಗ್ಗಿದುದೂ ಇದಕ್ಕೊಂದು ಕಾರಣವೆಂದು ಬಲ್ಲವರು ಹೇಳುವರು.

ಉಳಿದ ಹಣದಲ್ಲಿ ಹೆಚ್ಚಿನ ಭಾಗವು ಪ್ರಯಾಣ, ಔಷಧ ಮೊದಲಾದವುಗಳಿಗೆ ಹೋಗಿದೆ. ಆದರೆ ಬೇಸಾಯಗಾರರು ಮುಖ್ಯವಾಗಿ ಗಮನಿಸತಕ್ಕದ್ದು ಆಹಾರದೊಳಗಣ ಬದಲಾವಣೆಯನ್ನು. ಹಾಲು ಮತ್ತು ಹಾಲಿನ ಪದಾರ್ಥಗಳು ಅಂದೂ ಇಂದೂ ನೂರಕ್ಕೆ 8 ರೂಪಾಯಿಗಳಿಗೆ ಮೇಲ್ಪಟ್ಟ ಪಾಲನ್ನು ಉಳಿಸಿಕೊಂಡಿವೆ. ದನಕರುಗಳಿರುವ ಮನೆಗೆ ಇದು ಸಮಾಧಾನದ ಸಂಗತಿ. ಪಾನೀಯ, ತಿಂಡಿ, ಸಿದ್ಧಪಡಿಸಿದ ಆಹಾರಗಳ ಪಾಲಾದರೋ ಸುಮಾರು 4 ರೂಪಾಯಿಗಳಿಂದ 9½ ರೂಪಾಯಿಗಳಿಗೆ ಏರಿ, ಧಾನ್ಯದ ಪಾಲಿಗೆ ಹೆಚ್ಚುಕಡಮೆ ಎರಡರಷ್ಟಾಗಿದೆ. ಸಂತೆಯ ಬೋಂಡವೂ ಕಡಲೆಯಿಂದಲೇ, ಪೊಟ್ಟಣದ ಚಕ್ಕುಲಿಯೂ ಅಕ್ಕಿಯಿಂದಲೇ ಆದುದಷ್ಟೆ! ಆದರೂ ಅದಕ್ಕೆ ಕೊಟ್ಟ ಹಣದಲ್ಲಿ ಬೆಳೆದವನಿಗೆ ಸೇರುವುದು ಅಲ್ಪಾಂಶ. ಗಿರಣಿ, ಎಣ್ಣೆ, ಪೊಟ್ಟಣ, ಸಾಗಾಣೆ, ವ್ಯಾಪಾರಿಯ ಲಾಭ ಇವೇ ಮಿಕ್ಕುದನ್ನು ತೆಗೆದುಕೊಳ್ಳುವುವು.

ಈ ಮಿಕ್ಕುದರಲ್ಲಿ ಸ್ವಲ್ಪವಾದರೂ ಊರಿನಲ್ಲಿಯೇ ನಿಲ್ಲಬೇಕಾದರೆ, ರಾಗಿಯನ್ನು ಹಾಗೆಯೇ ಮಂಡಿಗೆ ಸಾಗಿಸುವುದಕ್ಕೆ ಬದಲಾಗಿ ಹಸನುಮಾಡಿ ಹಿಟ್ಟುಮಾಡಿಸಿ ಮಾರುವ ಏರ್ಪಾಡು ಸಹಕಾರ ಸಂಘದ ಮೂಲಕ ಸಾಧ್ಯವೇ ಎಂಬುದನ್ನು ಗ್ರಾಮದ ಮುಖಂಡರು ಆಲೋಚಿಸಬಹುದು. ಗಿರಣಿಯನ್ನು ಕೊಳ್ಳುವುದಕ್ಕೆ ಮುಂಚೆ ಕೊಳ್ಳುವವರನ್ನು ಗೊತ್ತುಮಾಡಿಕೊಂಡಿರತಕ್ಕದ್ದು. ಹಿಂದೆ ಹಗೇವಿನಲ್ಲಿಟ್ಟ ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಹಿಟ್ಟು ಅಷ್ಟು ಕಾಲ ನಿಲ್ಲುವುದಿಲ್ಲ.