ಶಿಶಿರದ ಎಲೆಗಳನ್ನರಸಿ ಎರಡು ದಿನ

ನಮ್ಮ ಮಗಳು ಮತ್ತು ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದವು. ಪ್ರತಿ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಂದ ನಮಗೆ ಚಿತ್ರಗಳು ಬರುತ್ತವೆ. ಮೇಪಲ್ ಮರಗಳು ಕೆಂಪು, ಕಿತ್ತಳೆ, ಹಳದಿ ಬಣ್ಣ ತಾಳಿ ಬೆಟ್ಟಕ್ಕೆ ಬೆಟ್ಟವೇ ಓಕುಳಿಯಾಡಿದಂತೆ ಕಾಣುವ ಆ ಚಿತ್ರಗಳನ್ನು ನೋಡಿ ನಾವು ಹಿಗ್ಗುವುದುಂಟು. ಕಳೆದ ವರ್ಷ ಹತ್ತು ವರ್ಷದ ಮೊಮ್ಮಗನು ಚಿತ್ರದೊಂದಿಗೆ ಒಂದು ಮಾತನ್ನೂ ಸೇರಿಸಿದ್ದನು: "ಅಜ್ಜಿ, ನಿಮ್ಮ ಊರಿನಲ್ಲಿ ಎಲೆಗೆ ಬಣ್ಣವೇ ಬರುವುದಿಲ್ಲವಂತೆ. ಒಣಗಿ ಬಿದ್ದುಹೋಗುತ್ತದಂತೆ." ಈ 'ಅಂತೆ' ಎಲ್ಲಿಂದ ಬಂದಿತೆಂದು ವಿಚಾರಿಸಿದರೆ, ಹೇಳಿದವಳು ನಮ್ಮ ಮಗಳೇ! ಇಲ್ಲಿಯೇ ಹುಟ್ಟಿ, ಇಲ್ಲಿಯೇ ಇಪ್ಪತ್ತೈದು ವರ್ಷ ಬೆಳೆದವಳು. ಮನಸ್ಸಿಗೆ ಸ್ವಲ್ಪ ನೋವಾಯಿತು. ಆದರೆ ಆಕೆಯನ್ನು ದೂರುವುದೂ ಸಲ್ಲದು. ಎಲೆಯನ್ನು ನೋಡಲೆಂದು ನಾವಾದರೂ ಆಕೆಯನ್ನು ಎಂದು ಕರೆದೊಯ್ದಿದ್ದೆವು? ಬೆಟ್ಟಕ್ಕೆ ಹೋಗಿದ್ದರೆ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಇಳಿದು ಬಂದವರೇ ನಾವು.

"ಹನ್ನೆರಡು ಚಿತ್ರ ಕಳುಹಿಸುತ್ತೇವೆ, ಕಾದಿರು" ಎಂದು ಮೊಮ್ಮಗನಿಗೆ ಮಾತು ಕೊಟ್ಟೆವು. ಮಾತು ಕೊಟ್ಟ ಮೇಲೆ ಕಾಲವನ್ನು ಗೊತ್ತುಮಾಡಬೇಕಾಯಿತು. ಅಲ್ಲಿ ಎಲೆ ಹಣ್ಣಾಗುವುದು ಶರದೃತುವಿನಲ್ಲಿ. ನಮ್ಮಲ್ಲಿ ಆಶ್ವಯುಜ, ಕಾರ್ತಿಕಗಳೆಂದರೆ ಹಿಂಗಾರು ಸುರಿದು ಗುಡ್ಡಗಳು ಹಸುರಾಗಿರುವ ಕಾಲ. ನಮ್ಮ ಮರಗಳು ಎಲೆ ಕಳಚುವುದು ಮಾಘ, ಫಾಲ್ಗುಣಗಳಲ್ಲಿ, ಶಿಶಿರದಲ್ಲಿ. ಹಿರಿಯರು ವರ್ಷವನ್ನು ಆರು ಋತುಗಳಾಗಿ ವಿಂಗಡಿಸಿದ್ದು ಸುಮ್ಮನೆ ಅಲ್ಲ. ನಾಲ್ಕು ಋತುಗಳ ಇಂಗ್ಲಿಷ್ ಪುಸ್ತಕ ಓದಿ ನಮ್ಮ ಕಾಡನ್ನು ಅಳೆಯಹೊರಟವರಿಗೆ ಅದು ದಕ್ಕುವುದಿಲ್ಲ. ಆದ್ದರಿಂದ ಈ ಸಲ ಶಿವರಾತ್ರಿಗೆ ಒಂದು ವಾರವಿರುವಾಗ, ಫೆಬ್ರುವರಿಯ ಮೊದಲ ಶನಿವಾರ ಬೆಳಗಿನ ಐದು ಗಂಟೆಗೆ ನಾವು ದಂಪತಿಗಳು, ಕಾರು ನಡೆಸಲು ಒಪ್ಪಿದ ಸೋದರಳಿಯ, ಅವನ ಕ್ಯಾಮೆರಾ, ಒಂದು ಬುತ್ತಿ ರೊಟ್ಟಿ, ಇಷ್ಟರೊಂದಿಗೆ ಬೆಂಗಳೂರು ಬಿಟ್ಟೆವು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆಯಾದ್ದರಿಂದ ಹಳೆಯ ರಸ್ತೆಯನ್ನೇ ಹಿಡಿದೆವು.

ರಾಮನಗರದ ರಾಮದೇವರ ಬೆಟ್ಟದ ತಪ್ಪಲಿಗೆ ಬಂದಾಗ ಸೂರ್ಯ ಆಗತಾನೆ ಬಂಡೆಯ ಮೇಲೆ ಏರುತ್ತಿದ್ದನು. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಿಂದ ಈ ಬಂಡೆಗಳನ್ನು ದೇಶವೆಲ್ಲ ಬಲ್ಲದು. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರನ್ನೇ ಭೂವಿಜ್ಞಾನಿಗಳು ಈ ಕಲ್ಲಿಗೂ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟು ಅದು. ಇಂತಹ ಕಲ್ಲಿನ ಸಂದಿನಲ್ಲಿ ಹಿಡಿ ಮಣ್ಣು ಸಿಕ್ಕರೆ ಸಾಕೆಂದು ಬೇರೂರಿದ ಮರಗಳಿಗೆ ನೀರಿನ ಬಡತನ ಹುಟ್ಟಿನಿಂದಲೇ ಬಂದದ್ದು. ಡಿಸೆಂಬರ್ ಕಳೆದರೆ ಮುಂದಿನ ಮಳೆಗೆ ಏಪ್ರಿಲ್ ತನಕ ಕಾಯಬೇಕು. ಎಲೆಯೆಂದರೆ ನೀರು ಆವಿಯಾಗುವ ಸಾವಿರ ಬಾಗಿಲು. ಆ ಬಾಗಿಲುಗಳನ್ನು ಮುಚ್ಚುವುದಕ್ಕೆ ಬದಲಾಗಿ ಮರವು ಬಾಗಿಲುಗಳನ್ನೇ ಕಳಚಿಬಿಡುತ್ತದೆ. ಕಳಚುವ ಮೊದಲು ಎಲೆಯೊಳಗಿನ ಸಾರವನ್ನು, ಮುಖ್ಯವಾಗಿ ಸಾರಜನಕವನ್ನು, ಹಿಂದಕ್ಕೆ ಹೀರಿ ಕಾಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮನೆ ಖಾಲಿಮಾಡುವ ಗೃಹಿಣಿ ಪಾತ್ರೆಪಗಡಿಗಳನ್ನು ಮೊದಲು ಸಾಗಿಸುವಂತೆ. ಹಸುರನ್ನು ಕೊಡುವ ಪತ್ರಹರಿತ್ತು ಕರಗುತ್ತಲೇ ಅದುವರೆಗೆ ಅಡಗಿದ್ದ ಹಳದಿ ಹೊರಗೆ ತೋರುತ್ತದೆ. ಕೆಲವು ಮರಗಳು ಆ ಕೊನೆಯ ದಿನಗಳಲ್ಲಿ ಕೆಂಪನ್ನು ಹೊಸದಾಗಿ ತಯಾರಿಸುವುದೂ ಉಂಟು. ಅಮೆರಿಕದ ಮೇಪಲ್ ಮಾಡುವುದೂ ಇದನ್ನೇ. ಅಲ್ಲಿ ಚಳಿ ಮತ್ತು ಕುಗ್ಗುವ ಹಗಲು ಕಾರಣ, ಇಲ್ಲಿ ಬಾಯಾರಿಕೆ ಕಾರಣ.

ಬೆಟ್ಟದ ನೆತ್ತಿಯಲ್ಲಿ ರಣಹದ್ದೊಂದು ಸುತ್ತು ಹಾಕುತ್ತಿತ್ತು. ಅವುಗಳ ಸಲುವಾಗಿಯೇ 2012ರಲ್ಲಿ ಈ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಮೊದಲ ಒಳ್ಳೆಯ ಚಿತ್ರ ದೊರೆತದ್ದು ಮಾತ್ರ ಬೆಟ್ಟದಲ್ಲಿ ಅಲ್ಲ, ಊರಿನೊಳಗೆ ಒಂದು ಮನೆಯ ಅಂಗಳದಲ್ಲಿ. ಬಾದಾಮಿ ಮರ! ಒಂದೊಂದು ಎಲೆಯೂ ಅಂಗೈಯಗಲ, ರಕ್ತಗೆಂಪು. ನಾವು ದಿನವೂ ಗುಡಿಸಿ ಎಸೆಯುವ ಎಲೆ. ಸೋದರಳಿಯನು ಎಲೆಯ ಹಿಂದೆ ಸೂರ್ಯ ಬರುವಂತೆ ನಿಂತು ಚಿತ್ರ ತೆಗೆದನು. ಬೆಳಕು ಎಲೆಯ ಮೇಲೆ ಬಿದ್ದರೆ ಅದು ಬರಿಯ ಎಲೆ, ಬೆಳಕು ಎಲೆಯೊಳಗಿಂದ ಹಾಯ್ದು ಬಂದರೆ ಅದು ಉರಿಯುವ ದೀಪ. ಈ ಗುಟ್ಟು ತಿಳಿದ ಮೇಲೆ ಮುಂದಿನ ಎರಡು ದಿನವೂ ನಾವು ಸೂರ್ಯನಿಗೆ ಮುಖಮಾಡಿಯೇ ನಡೆದೆವು.

ಚನ್ನಪಟ್ಟಣದಲ್ಲಿ ಎಲೆಗಳನ್ನು ಅರಸಿದವರಿಗೆ ಎಲೆಯಿಲ್ಲದ ಮರ ಸಿಕ್ಕಿತು. ಬೊಂಬೆಗಳಿಗೆ ಬಳಸುವ ಹಾಲೆ ಮರವು ಈ ದಿನಗಳಲ್ಲಿ ಬರಿಗೊಂಬೆಯಾಗಿ, ತುದಿಯಲ್ಲಿ ಕೂಡಿಕೊಂಡ ಜೋಡಿ ಕಾಯಿಗಳನ್ನು ತೂಗಿಸಿಕೊಂಡು ನಿಂತಿರುತ್ತದೆ. ಚಿತ್ರಕ್ಕೆ ಏನೂ ಇಲ್ಲವೆಂದು ಬೇಸರದಿಂದ ಒಂದು ಬೊಂಬೆಯ ಕಾರ್ಖಾನೆಗೆ ಹೊಕ್ಕೆವು. ಅಲ್ಲಿ ಬಣ್ಣದ ಹಬ್ಬವೇ ನಡೆದಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಅದರ ಮೇಲೆ ಕೇದಗೆ ಜಾತಿಯ ಒಣಗಿದ ಗರಿಯನ್ನು ಹಿಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಎಲೆಯಿಂದ ಹೊಳಪು! ಅರಗಾದರೂ ಎಲ್ಲಿಂದ? ಮುತ್ತುಗ ಮೊದಲಾದ ಮರಗಳ ರೆಂಬೆಗಳಲ್ಲಿ ಬಾಳುವ ಸಣ್ಣ ಕೀಟದಿಂದ. ಕೆಲಸ ಮಾಡುತ್ತಿದ್ದ ತಾಯಿಯೊಬ್ಬರು ಕಣ್ಣೆತ್ತದೆ ಕಾಯಕದಲ್ಲಿ ಮುಳುಗಿದ್ದರು. ಅವರ ಕೈಯ ಚಿತ್ರವೊಂದನ್ನು ಅವರ ಅನುಮತಿ ಪಡೆದು ತೆಗೆದುಕೊಂಡೆವು.

ಅಲ್ಲಿಂದ ಸಾತನೂರಿನ ದಾರಿ ಹಿಡಿದು ಕಬ್ಬಾಳದುರ್ಗದ ಕಡೆಗೆ ಹೊರಟಾಗ ಕಾಡು ನಿಜವಾಗಿ ತೆರೆದುಕೊಂಡಿತು. ದಿಂಡಿಗದ ಮರಗಳು ತಾಮ್ರದ ಬಣ್ಣ ತಾಳಿದ್ದವು. ಎಲೆಯುದುರಿದ ಮುತ್ತುಗದ ಕೊಂಬೆಗಳಲ್ಲಿ ಮೊದಲ ಕೆಂಪು ಹೂಗಳು ತೆರೆಯುತ್ತಿದ್ದವು. ಒಂದು ತಿರುವಿನಲ್ಲಿ ಅರಿಸಿನ ಬೂರುಗವೊಂದು, ಒಂದೆಲೆಯೂ ಇಲ್ಲದೆ, ತುದಿಗಳಲ್ಲಿ ಮಾತ್ರ ಹೊನ್ನಿನ ಬಟ್ಟಲಿನಂತಹ ಹೂ ಹೊತ್ತು ನಿಂತಿತ್ತು. ಏಳು ಚಿತ್ರಗಳು ಅಲ್ಲಿಯೇ ಆದವು. ಸಂತೋಷದಲ್ಲಿ ನಾವೊಂದು ತಪ್ಪನ್ನೂ ಮಾಡಹೊರಟೆವು. ಮರದಡಿ ಚಾಪೆ ಹಾಸಿ, ಚಹಾ ಕಾಯಿಸಲೆಂದು ಪುಟ್ಟ ಒಲೆಯನ್ನು ಹೊರತೆಗೆದು ಕಡ್ಡಿ ಗೀರುವಷ್ಟರಲ್ಲಿ ಮೇಕೆ ಮೇಯಿಸುತ್ತಿದ್ದ ವೃದ್ಧರೊಬ್ಬರು ಕೂಗಿಕೊಂಡು ಓಡಿಬಂದರು. ಏದುಸಿರು ಬಿಡುತ್ತಲೇ ಎದುರಿನ ಇಳಿಜಾರನ್ನು ತೋರಿಸಿದರು. ಅದುವರೆಗೆ ನಾವು ಅದನ್ನು ಬಂಡೆಯ ಕಪ್ಪು ಎಂದುಕೊಂಡಿದ್ದೆವು. ಸುಟ್ಟ ನೆಲ! "ನೀವು ನಿಂತಿರೋದು ಎಲೆ ಮೇಲಲ್ಲ ತಾಯಿ, ಸೀಮೆಎಣ್ಣೆ ಮೇಲೆ" ಎಂದರು ಆ ಹಿರಿಯರು. ನಾಚಿ ಒಲೆಯನ್ನು ಒಳಗಿಟ್ಟೆವು. ತಣ್ಣನೆಯ ನೀರಿನೊಂದಿಗೆ ರೊಟ್ಟಿ ತಿಂದು, ಅವರಿಗೂ ಕೊಟ್ಟೆವು.

ಕತ್ತಲಾಗುವ ಹೊತ್ತಿಗೆ ಕನಕಪುರ ಸೇರಿ ಬಂಧುಗಳ ಮನೆಯಲ್ಲಿ ತಂಗಿದೆವು. ಊಟವಾದ ಮೇಲೆ ಮಹಡಿಗೆ ಹೋದ ಸೋದರಳಿಯನು ಕೂಗಿ ಕರೆದನು. ದೂರದ ಗುಡ್ಡದ ಮೇಲೆ ಹೊನ್ನಿನ ಸರವೊಂದು ಜಾರುತ್ತಿತ್ತು. ಕಪ್ಪು ಬಾನು, ಕಪ್ಪು ಗುಡ್ಡ, ನಡುವೆ ಅಂಕುಡೊಂಕಾದ ಬೆಳಕಿನ ಗೆರೆ. ಎಂತಹ ಚೆಲುವೆಂದು ನಾವೂ ನಿಂತು ನೋಡಿದೆವು, ಅವನು ಚಿತ್ರವನ್ನೂ ತೆಗೆದನು. ಆಮೇಲೆ ಮೇಲೆ ಬಂದ ಮನೆಯ ಯಜಮಾನರು ನಿಟ್ಟುಸಿರುಬಿಟ್ಟು, "ಈ ವರ್ಷ ಬೇಗ ಶುರುವಾಯಿತು" ಎಂದಾಗಲೇ ನಮಗೆ ಅರ್ಥವಾದದ್ದು. ಅದು ಕಾಳ್ಗಿಚ್ಚು.

ಆ ರಾತ್ರಿ ನಿದ್ರೆ ಬರಲಿಲ್ಲ. ಮನೆಯವರಿಂದ ತಿಳಿದ ಸಂಗತಿಗಳನ್ನು ವಾಚಕರಿಗೂ ತಿಳಿಸಬೇಕು. ಇಂತಹ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಹೊಸ ಹುಲ್ಲು ಬೇಗ ಚಿಗುರಲೆಂದು ಹಚ್ಚುವವರು, ಬೀಡಿಯ ತುದಿ ಎಸೆಯುವವರು, ಒಲೆ ಹೂಡಿ ಆರಿಸದೆ ಹೋಗುವ ಪ್ರವಾಸಿಗಳು, ಇವರೇ ಕಾರಣ. ಬೆಟ್ಟದ ದೇವರಿಗೆ ಹೋದಾಗ ಕಲ್ಲಿನ ಮೇಲೆ ಕರ್ಪೂರ ಹಚ್ಚಿ ಹಿಂದೆ ತಿರುಗಿ ನೋಡದೆ ಇಳಿದುಬರುವ ನಮ್ಮಂಥ ಭಕ್ತರೂ ಈ ಪಟ್ಟಿಯಿಂದ ಹೊರಗಿಲ್ಲ. ಅರಣ್ಯ ಇಲಾಖೆಯವರು ಬೇಸಗೆಗೆ ಮುನ್ನ ಅಗಲವಾದ ಪಟ್ಟಿಗಳಲ್ಲಿ ತರಗನ್ನು ತೆಗೆದು ಬೆಂಕಿಗೆ ತಡೆ ಹಾಕುತ್ತಾರೆ. ಆದರೂ ಬೆಂಕಿ ದಾಟಿದರೆ ಕಾವಲುಗಾರರು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ನಂದಿಸಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ಓದುಗರು ಮರೆತಿರಲಾರರು. ದೊಡ್ಡ ಮರಗಳು ಹೇಗೋ ಬದುಕಿಕೊಳ್ಳುತ್ತವೆ. ಉಳಿಯದಿರುವುದು ಸಸಿಗಳು. ಉದುರಿದ ಎಲೆ ಕೊಳೆತು ಮಣ್ಣಾಗಿ ಆ ಸಸಿಗಳನ್ನು ಪೊರೆಯಬೇಕಾಗಿತ್ತು. ಅದೇ ಎಲೆ ಅವನ್ನು ಸುಡುತ್ತದೆ. ನಮ್ಮ ಪ್ರವಾಸದಲ್ಲೆಲ್ಲ ಅತ್ಯಂತ ಸೊಗಸಾಗಿ ಬಂದ ಚಿತ್ರ ಆ ರಾತ್ರಿಯದು. ಅದನ್ನು ಮೊಮ್ಮಗನಿಗೆ ಕಳುಹಿಸಲಿಲ್ಲ.

ಭಾನುವಾರ ಬೆಳಗ್ಗೆ ರಾಮನಗರದ ದಾರಿಯಲ್ಲಿರುವ ರೇವಣಸಿದ್ಧೇಶ್ವರ ಬೆಟ್ಟವನ್ನು ಹತ್ತಿದೆವು. ರೇವಣಸಿದ್ಧರು ಇಲ್ಲಿ ತಪಸ್ಸು ಮಾಡಿದರೆಂಬುದು ಭಕ್ತರ ನಂಬಿಕೆ. ಮೇಲೆ ದರ್ಶನ ಪಡೆದು, ಕರ್ಪೂರವನ್ನು ಗುಡಿಯ ಒಳಗಿನ ಆರತಿಗೇ ಒಪ್ಪಿಸಿ ಬಂದೆವು. ಗಾಳಿಯಲ್ಲಿ ಹೊಗೆಯ ವಾಸನೆ ತೆಳುವಾಗಿತ್ತು, ಅಥವಾ ರಾತ್ರಿಯಿಂದ ನಮ್ಮ ಮೂಗಿನಲ್ಲೇ ಉಳಿದಿತ್ತೇನೋ. ಇಳಿಯುವಾಗ ಒಂದು ಅರಳಿ ಮರ ಕಂಡಿತು. ಹಳೆಯ ಎಲೆಗಳು ಹಳದಿಯಾಗಿ ಉದುರುತ್ತಿದ್ದವು, ಬಿಸಿಲಿಗೆ ತೆರೆದ ಒಂದೇ ಒಂದು ಕೊಂಬೆಯಲ್ಲಿ ಮಾತ್ರ ಗುಲಾಬಿ ಕೆಂಪಿನ ಚಿಗುರು. ಎಳೆಯ ಎಲೆಗೆ ಹಸುರು ತುಂಬುವ ಮೊದಲು ಈ ಕೆಂಪು ಬಿಸಿಲಿನ ಕಾವಿನಿಂದ ರಕ್ಷಣೆ ಕೊಡುತ್ತದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮ್ಯಾಸಚೂಸೆಟ್ಸಿನ ಮರಗಳು ಬಣ್ಣವಾಡಿದ ಮೇಲೆ ತಿಂಗಳುಗಟ್ಟಲೆ ಬರಿದಾಗಿ ನಿಲ್ಲುತ್ತವೆ. ಇಲ್ಲಿ ಮಳೆ ಬರುವ ಮೊದಲೇ, ಬಿರುಬೇಸಗೆಯ ಬಾಯಿಯಲ್ಲೇ, ಅರಳಿಯಂಥ ಮರಗಳು ಆಳದ ನೀರನ್ನು ನಂಬಿ ಚಿಗುರುತ್ತವೆ. ನೋಡಬೇಕೆನ್ನುವವರಿಗೆ ಒಂದು ಸೂಚನೆ: ಮುತ್ತುಗಕ್ಕೆ ಶಿವರಾತ್ರಿಯ ಆಸುಪಾಸು, ಅರಳಿಯ ಪೂರ್ಣ ಚಿಗುರಿಗೆ ಅದರ ಮುಂದಿನ ಎರಡು ಮೂರು ವಾರ ಒಳ್ಳೆಯದು. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಬೇಕು. ನಡುಹಗಲಿನಲ್ಲಿ ಈ ಬಂಡೆಗಳು ಹೊಳೆದು ಎಲ್ಲ ಬಣ್ಣವನ್ನೂ ನುಂಗುತ್ತವೆ.

ನಡುಹಗಲಿನಲ್ಲೇ ಸಾವನದುರ್ಗ ತಲುಪಿದ ನಮಗೆ ಅದೇ ಅನುಭವವಾಯಿತು. 1226 ಮೀಟರ್ ಎತ್ತರದ ಆ ಏಕಶಿಲೆಯ ಬುಡದಲ್ಲಿ ವೀರಭದ್ರಸ್ವಾಮಿಗೆ ಕೈಮುಗಿದು, ನೆರಳಿನಲ್ಲಿ ಕುಳಿತು, ಒಂದೇ ಚಿತ್ರದೊಂದಿಗೆ ಮಾಗಡಿಯ ಕಡೆಗೆ ತಿರುಗಿದೆವು.

ಮಾಗಡಿ ತಾಲ್ಲೂಕು ನಮ್ಮ ಸಮಾಜಕ್ಕೆ ವೀರಾಪುರದಿಂದ ಪರಿಚಿತ. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿದ ಗ್ರಾಮ ಅದು. ಅದೇ ತಾಲ್ಲೂಕಿನ ಹುಲಿಕಲ್ಲಿಗೆ ನಾವು ಸಂಜೆ ಐದಕ್ಕೆ ಬಂದೆವು. ಕುದೂರಿನಿಂದ ಹುಲಿಕಲ್ಲಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೂ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೆಟ್ಟ 380ಕ್ಕೂ ಹೆಚ್ಚು ಆಲದ ಮರಗಳಿವೆ. ಮಕ್ಕಳಿಲ್ಲದ ಆ ಕೂಲಿಕಾರ ದಂಪತಿಗಳು ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿ, ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಮರಗಳಿಗೆ ಕುತ್ತು ಬಂದಾಗ ಅವರೇ ಸರ್ಕಾರಕ್ಕೆ ಮೊರೆಯಿಟ್ಟರು. 2025ರ ನವೆಂಬರಿನಲ್ಲಿ ಅವರು ಅಗಲಿದರು. ಅವರಿಲ್ಲದ ಮೊದಲ ಶಿಶಿರ ಇದು.

ಆಲದಲ್ಲಿ ಬಣ್ಣದ ಆರ್ಭಟವಿಲ್ಲ. ಎಲೆಗಳು ಒಂದೊಂದಾಗಿ ಹಳದಿಯಾಗಿ ರಸ್ತೆಗೆ ಬೀಳುತ್ತವೆ, ಅದೇ ಕೊಂಬೆಯ ತುದಿಯಲ್ಲಿ ಕೆಂಪು ಹೊದಿಕೆಯೊಳಗಿಂದ ಮೊಗ್ಗೆಲೆ ಇಣುಕುತ್ತದೆ. ಇಳಿಬಿಸಿಲು ಸಾಲಿನ ಉದ್ದಕ್ಕೂ ಹಾದು ಬರುತ್ತಿತ್ತು. ಶಾಲೆಯ ಹುಡುಗನೊಬ್ಬ ಸೈಕಲ್ಲಿನಲ್ಲಿ ಆ ಎಲೆಗಳ ಮೇಲೆ ಸರಸರ ಸದ್ದು ಮಾಡುತ್ತ ಹೋದನು. ಹನ್ನೊಂದನೆಯ ಚಿತ್ರವಾಗಿ ಆ ಸಾಲನ್ನು ತೆಗೆದೆವು. ಕತ್ತಲಾಯಿತು, ಒಂದು ಚಿತ್ರ ಕಡಿಮೆಯಾಗಿಯೇ ಊರಿಗೆ ಹಿಂದಿರುಗಿದೆವು.

ಸೋಮವಾರ ರಾತ್ರಿ ದೂರವಾಣಿಯಲ್ಲಿ ಮೊಮ್ಮಗನ ಧ್ವನಿ ಬಂತು. ದಿಂಡಿಗ, ಬಾದಾಮಿಗಳನ್ನು ನೋಡಿ ಒಪ್ಪಿದ್ದನಾದರೂ ಅವನ ಪ್ರಶ್ನೆಯೆಲ್ಲ ಹನ್ನೊಂದನೆಯ ಚಿತ್ರದ ಮೇಲೆಯೇ. ಆ ಅಜ್ಜಿ ಹೊತ್ತ ಕೊಡ ಎಷ್ಟು ಭಾರವಿತ್ತು? ನಮಗೆ ಉತ್ತರ ಹೊಳೆಯಲಿಲ್ಲ. ಮಂಗಳವಾರ ಬೆಳಗ್ಗೆ ಅಟ್ಟದಿಂದ ನಮ್ಮ ಅತ್ತೆಯವರ ಹಿತ್ತಾಳೆಯ ಕೊಡವನ್ನು ಇಳಿಸಿ, ಹುಣಿಸೆಹಣ್ಣಿನಿಂದ ತಿಕ್ಕಿ, ನೀರು ತುಂಬಿ ತೂಕದ ಯಂತ್ರದ ಮೇಲಿಟ್ಟೆವು. ಮುಳ್ಳು 16 ಕಿಲೋವನ್ನು ತೋರಿಸಿತು. ಕೊಡವನ್ನೂ ಮುಳ್ಳನ್ನೂ ಸೇರಿಸಿ ಚಿತ್ರ ತೆಗೆದು, ಹನ್ನೆರಡನೆಯದೆಂದು ಬರೆದು ಕಳುಹಿಸಿದೆವು.